ಉಪ್ಪಿಲ್ಲದ ಪಾಲು

ನಮ್ಮ ಮನೆಯಲ್ಲಿ ಅಡುಗೆ ವಾರಕ್ಕೆ ಒಂದೇ ಸಲ. ಇದನ್ನು ಕೇಳಿ ಮೂಗು ಮುರಿಯುವವರು ಒಂದು ವಾರ ನನ್ನ ಜೊತೆ ಆಸ್ಪತ್ರೆಯ ಲಾಂಡ್ರಿಗೆ ಬರಲಿ. ಬಿಸಿ ರೋಲರಿನ ಮುಂದೆ ನಿಂತು ದಿನವಿಡೀ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಲಿ, ಸಂಜೆ ಮನೆಗೆ ಹೋಗಿ ಬಗೆಬಗೆಯ ಅಡುಗೆ ಮಾಡಿ ತೋರಿಸಲಿ. ಆಮೇಲೆ ಮಾತಾಡೋಣ.

ಭಾನುವಾರ ಬೆಳಿಗ್ಗೆ ಚೀಲದಿಂದ ಆಲೂಗಡ್ಡೆ ಸುರಿದು, ಅಂಗೈ ತುಂಬುವಂಥವನ್ನು ಆರಿಸುತ್ತೇನೆ. ಮಣ್ಣು ಹೋಗುವ ಹಾಗೆ ಉಜ್ಜಿ ತೊಳೆದು, ಒರೆಸಿ, ಮುಳ್ಳುಚಮಚದಲ್ಲಿ ಚುಚ್ಚುತ್ತೇನೆ. ಚುಚ್ಚದೆ ಇಟ್ಟರೆ ಒಳಗಿನ ಹಬೆಗೆ ದಾರಿ ಸಿಗದೆ ಓವನ್ ತುಂಬ ಸಿಡಿದು ರಾದ್ಧಾಂತವಾಗುತ್ತದೆ. ಎಣ್ಣೆ ಸವರಿ, ಸಿಪ್ಪೆ ಗರಿಗರಿಯಾಗುವವರೆಗೆ ಸುಟ್ಟು, ಮೇಲೆ ಮುಚ್ಚಳದಷ್ಟು ಕತ್ತರಿಸಿ, ತಿರುಳನ್ನು ಕೆರೆದು ತೆಗೆದು, ಬೆಣ್ಣೆ ಹಾಲು ಸೇರಿಸಿ ಕಲಸಿ, ಮತ್ತೆ ಅದರ ಹೊಟ್ಟೆಗೇ ತುಂಬುವುದು. ಪೂರ್ತಿ ಆರಿದ ಮೇಲೆ ಫಾಯಿಲ್ ಸುತ್ತಿ ಫ್ರೀಜರಿಗೆ. ಆತುರಕ್ಕೆ ಬಿಸಿಯಲ್ಲೇ ಸುತ್ತಿದರೆ ಹಬೆಯೆಲ್ಲ ಮಂಜಾಗಿ ಕೂತು, ಆಮೇಲೆ ಬಿಸಿ ಮಾಡಿದಾಗ ತಟ್ಟೆ ತುಂಬ ನೀರು. ಮೈಕ್ರೋವೇವಿನಲ್ಲಿ ಬಿಸಿ ಮಾಡುವವರೂ ಇದ್ದಾರೆ. ಅವರು ಒದ್ದೆ ಕಾಲುಚೀಲವನ್ನೂ ತಿಂದಾರು. ನಮ್ಮಲ್ಲಿ ಓವನ್ ಒಂದೇ.

ಚುಚ್ಚುವುದರಲ್ಲಿ ನನ್ನದೊಂದು ಪದ್ಧತಿಯಿದೆ. ಮನೆಯಲ್ಲಿ ಒಬ್ಬೊಬ್ಬರ ನಾಲಿಗೆ ಒಂದೊಂದು ದಿಕ್ಕಿಗೆ. ಮಗಳಿಗೆ ಚೀಸು ಜೋಳ, ಗಂಡನಿಗೆ ಹಸಿಮೆಣಸಿನಕಾಯಿ ಮತ್ತು ಕೈತುಂಬ ಉಪ್ಪು, ನನಗೆ ಮೆಣಸಿನ ಪುಡಿ. ಉಪ್ಪಿಗಿಂತ ರುಚಿಯಿಲ್ಲ ಎಂದು ಜಗತ್ತೇ ಹೇಳುವಾಗ ನನ್ನ ಮಾವನವರಿಂದ ಡಾಕ್ಟರು ಅದನ್ನೇ ಕಿತ್ತುಕೊಂಡಿದ್ದರು. ಅವರದರಲ್ಲಿ ಹಾಲು, ಬೆಳ್ಳುಳ್ಳಿ, ಅಷ್ಟೇ. ಫಾಯಿಲಿನ ಮೇಲೆ ಬರೆದರೆ ಫ್ರೀಜರಿನ ತೇವಕ್ಕೆ ಅಳಿಸಿಹೋಗುತ್ತದೆ. ಚುಚ್ಚಿದ್ದು ಅಳಿಸುವುದಿಲ್ಲ. ಹಾಗಾಗಿ ಆಲೂಗಡ್ಡೆಯ ಕೆಳಹೊಟ್ಟೆಯ ಮೇಲೆ ಮಗಳದಕ್ಕೆ ಒಂದು ಸಾಲು, ಗಂಡನದಕ್ಕೆ ಎರಡು ಸಾಲು, ನನ್ನದಕ್ಕೆ ಮೂರು. ಮಾವನದಕ್ಕೆ ಅಡ್ಡಕ್ಕೊಂದು ಉದ್ದಕ್ಕೊಂದು, ಕೂಡಿಸುವ ಲೆಕ್ಕದ ಗುರುತಿನ ಹಾಗೆ.

ಮಾವ ಸಲೂನ್ ಇಟ್ಟುಕೊಂಡಿದ್ದವರು. ಜೀವಮಾನವೆಲ್ಲ ಊರಿನವರ ತಲೆ ತಿದ್ದಿದರೂ ಮಗನ ತಲೆಯೊಳಗೆ ಏನಿದೆ ಎಂದು ತಿಳಿಯಲಿಲ್ಲ. ಮಗ ಕತ್ತರಿ ಹಿಡಿಯಲಾರೆ ಎಂದು ಲಿಫ್ಟ್ ರಿಪೇರಿ ಕಲಿತ. ಸಲೂನ್ ಮುಚ್ಚಿದ ದಿನ ಇಬ್ಬರ ಬಾಯಿಂದಲೂ ಬರಬಾರದ ಮಾತುಗಳು ಬಂದವು. ಆಮೇಲೆ ಮಾವ ನಮ್ಮ ಮನೆಗೇ ಬಂದು ಉಳಿದರು, ಆದರೆ ಅಪ್ಪ ಮಗನಿಗೆ ಎಣ್ಣೆ ಸೀಗೇಕಾಯಿ. ಒಂದೇ ಕೋಣೆಯಲ್ಲಿ ಕೂತು "ನಿನ್ನ ಗಂಡನಿಗೆ ಹೇಳಮ್ಮ, ಬಾಗಿಲು ಹಾಕ್ಲಿ" ಎಂದು ಮಾವ, "ನಿನ್ನ ಮಾವನಿಗೆ ಹೇಳೇ, ಹಾಕಾಗಿದೆ" ಎಂದು ನನ್ನ ಗಂಡ. ನಡುವೆ ನಾನು ಅಂಚೆಯಣ್ಣ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಮಾವನ ಮೇಲೆ ಸ್ವಲ್ಪ ಕಡಿಮೆ. ನನ್ನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಬಾಯ್ತುಂಬ "ಅಮ್ಮಾ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನನ್ನ ಗಂಡ ಅಂದು ಎಲ್ಲೋ ಒಂದು ಎತ್ತರದ ಕಟ್ಟಡದಲ್ಲಿ, ನಿಂತುಹೋದ ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುತ್ತಿದ್ದರು. ಬಂದರು, ನೋಡಿದರು, ಮಾಡಬೇಕಾದ್ದೆಲ್ಲ ಮಾಡಿದರು. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಅದೇ ನನಗೆ ಭಯವಾಗಿತ್ತು.

ಅದಾದ ಮೊದಲ ಭಾನುವಾರ ನಾನು ಎಂದಿನಂತೆ ಚುಚ್ಚಿದೆ, ಸುಟ್ಟೆ, ತುಂಬಿದೆ, ಆರಿಸಿದೆ. ಮನಸ್ಸು ಎಲ್ಲೋ ಇತ್ತು. ಫಾಯಿಲ್ ಸುತ್ತುವಾಗ ನೋಡುತ್ತೇನೆ, ಬೆಳ್ಳುಳ್ಳಿಯ ವಾಸನೆ. ಮಾವನ ವಾರದ ಪಾಲು ಒಂದೂ ತಪ್ಪದೆ ಸಾಲಾಗಿ ಕೂತಿದೆ, ಅಡ್ಡಕ್ಕೊಂದು ಉದ್ದಕ್ಕೊಂದು. ಕೈ ತನ್ನ ಪಾಡಿಗೆ ತಾನು ಮಾಡಿಬಿಟ್ಟಿತ್ತು. ಕಸಕ್ಕೆ ಹಾಕೋಣ ಎಂದು ಎತ್ತಿಕೊಂಡೆ, ಮನಸ್ಸು ಬರಲಿಲ್ಲ. ನಾನೇ ಉಪ್ಪು ಉದುರಿಸಿಕೊಂಡು ತಿಂದರಾಯಿತು ಎಂದುಕೊಂಡು ಉಳಿದವುಗಳ ಜೊತೆಗೇ ಫ್ರೀಜರಿಗೆ ತಳ್ಳಿದೆ. ಫಾಯಿಲ್ ಸುತ್ತಿದ ಮೇಲೆ ಎಲ್ಲವೂ ಒಂದೇ ಥರ, ಬಿಚ್ಚಿ ಕೆಳಹೊಟ್ಟೆ ನೋಡಿದರಷ್ಟೇ ಗುರುತು.

ಮರುದಿನ ಸಂಜೆ ನಾನು ಬರುವಷ್ಟರಲ್ಲಿ ಗಂಡ ಒಂದನ್ನು ಬಿಸಿ ಮಾಡಿಕೊಂಡು ತಿನ್ನುತ್ತಿದ್ದರು. ಒಂದು ಚಿಟಿಕೆ ಉಪ್ಪು ಕಡಿಮೆಯಾದರೆ ಮನೆ ಎತ್ತಿ ಕೆಳಗಿಡುವ ಮನುಷ್ಯ ತಲೆ ತಗ್ಗಿಸಿಕೊಂಡು ತೆಪ್ಪಗೆ ತಿನ್ನುತ್ತಿದ್ದುದು ಕಂಡು ಅನುಮಾನ ಬಂತು. ಸಿಪ್ಪೆ ಎತ್ತಿ ನೋಡಿದೆ.

"ರೀ, ಇದು ಮಾವನದು. ತಪ್ಪಿ ಮಾಡಿಬಿಟ್ಟಿದ್ದೆ."

"ಗೊತ್ತಾಯ್ತು. ಮೊದಲ ತುತ್ತಿಗೇ ಗೊತ್ತಾಯ್ತು" ಎಂದರು. ಆಮೇಲೆ ಚಮಚ ಕೆಳಗಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಬಿಕ್ಕಿಬಿಕ್ಕಿ ಅತ್ತರು. "ಅಪ್ಪನ ಪಕ್ಕ ಕೂತ ಹಾಗಾಯ್ತು ಕಣೇ" ಎಂದರು.

ನಾನು ದೇವರು ದೊಡ್ಡವನು ಎಂದುಕೊಂಡೆ. ಅಳಲಿ, ಒಳಗಿರುವುದೆಲ್ಲ ಹೊರಗೆ ಬರಲಿ, ಉಪ್ಪಿಲ್ಲದ ಆಲೂಗಡ್ಡೆಯಿಂದ ಇಷ್ಟಾದರೂ ಆಯಿತಲ್ಲ ಎಂದು ಅವರ ಬೆನ್ನು ಸವರಿದೆ. ಮಾವನ ಪಾಲಿನಲ್ಲಿ ಮಿಕ್ಕಿದ್ದನ್ನೂ ಅವರಿಗೇ ಬಿಟ್ಟುಕೊಟ್ಟೆ. ಮರುದಿನ ಫ್ರೀಜರಿನ ಮುಂದೆ ನಿಂತು, ಒಂದೊಂದು ಪೊಟ್ಟಣವನ್ನೂ ಬೆರಳಿನಿಂದ ಒತ್ತಿ ಒತ್ತಿ ಗುರುತು ಹುಡುಕಿ ತೆಗೆದುಕೊಂಡರು.

ಮೊದಲು ಬದಲಾಗಿದ್ದು ಊಟದ ಬಟ್ಟೆ. ತೊಡೆಯ ಮೇಲೆ ಹಾಸಿಕೊಳ್ಳುವ ಮುಂಚೆ ಮಾವ ಅದನ್ನು ಎರಡು ಮೂಲೆ ಹಿಡಿದು ಪಟ್ಟೆಂದು ಒದರುತ್ತಿದ್ದರು, ಸಲೂನಿನಲ್ಲಿ ಕೂದಲು ಒದರುವ ಹಾಗೆ. ಆ ಸದ್ದಿಗೆ ಪ್ರತಿಸಲ ಸಿಡಿಮಿಡಿಗೊಳ್ಳುತ್ತಿದ್ದವರು ನನ್ನ ಗಂಡ. ಈಗ ಅವರೇ ಪಟ್ಟೆಂದು ಒದರಿದರು. ಮಗಳು ನಕ್ಕಳು. ನಾನೂ ನಕ್ಕೆ. ಹುಟ್ಟುಗುಣ ಸುಟ್ಟರೂ ಹೋಗದು, ಅಪ್ಪನ ಮಗನೇ ಅಲ್ಲವೇ ಎಂದು ಛೇಡಿಸಿದೆ. ಅವರು ನಗಲಿಲ್ಲ. ನನ್ನ ಕುತ್ತಿಗೆಯ ಹಿಂದೆ ನೋಡುತ್ತಿದ್ದರು, ಕೂದಲು ಎಲ್ಲಿಗೆ ಮುಗಿಯುತ್ತದೆ ಎಂದು ಅಳೆಯುವವರಂತೆ.

ಅದೇ ವಾರದಲ್ಲಿ ಒಂದು ಸಂಜೆ ನಾನು ಬಂದಾಗ ಮಗಳು ಸ್ಟೂಲಿನ ಮೇಲೆ ಕೂತಿದ್ದಳು, ಕೊರಳಿಗೆ ಹಾಸಿಗೆಯ ಬಟ್ಟೆ. ಇವರು ಎರಡು ಬೆರಳಿನಿಂದ ಅವಳ ಗದ್ದ ಎತ್ತಿ, ಹಣೆಯ ಮೇಲಿನ ಕೂದಲನ್ನು ಕತ್ತರಿಸುತ್ತಿದ್ದರು. ಕತ್ತರಿ ಕೂದಲನ್ನು ಮುಟ್ಟುವ ಮುಂಚೆ ಗಾಳಿಯಲ್ಲಿ ಎರಡು ಸಲ ಚಕ್ ಚಕ್ ಎನ್ನುತ್ತಿತ್ತು. ನನ್ನ ಗಂಡನಿಗೆ ಉಗುರು ಕತ್ತರಿಸಿಕೊಳ್ಳಲೂ ಬರುವುದಿಲ್ಲ. ಅದಕ್ಕೂ ನನ್ನನ್ನೇ ಕರೆಯುತ್ತಾರೆ. ಆದರೆ ಆ ಕೂದಲು ದಾರ ಎಳೆದಿಟ್ಟ ಹಾಗೆ ನೇರವಾಗಿ ಬಂದಿತ್ತು.

"ಅಮ್ಮ, ನೋಡು, ತಾತ ಕಟ್ ಮಾಡಿದ ಹಾಗೇ ಇದೆ" ಎಂದಳು ಮಗಳು. ಅವಳಿಗೆ ಖುಷಿಯೇ ಖುಷಿ. ದುಃಖದಲ್ಲಿ ಮನುಷ್ಯ ಏನೇನೋ ಮಾಡುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಳಗಿನಿಂದ "ಅಮ್ಮಾ, ಒಂದು ಲೋಟ ನೀರು ಕೊಡ್ತೀಯಾ?" ಎಂದು ಕೇಳಿತು. ನಾನು ಯೋಚನೆ ಮಾಡದೆ "ಬಂದೆ ಮಾವ" ಎಂದೆ. ಲೋಟ ತುಂಬಿಸಿ, ಕೋಣೆಯ ಬಾಗಿಲವರೆಗೂ ಹೋದೆ. ಕೂತಿದ್ದವರು ನನ್ನ ಗಂಡ. ಕಾಲ ಮೇಲೆ ಕಾಲು ಹಾಕಿ, ಬಲಗೈ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ, ನನ್ನನ್ನು ನೋಡಿ ತಂಪಾಗಿ ನಕ್ಕರು. ಲೋಟವನ್ನು ಬಾಗಿಲ ಬಳಿಯೇ ನೆಲದ ಮೇಲಿಟ್ಟು ಹಿಂದೆ ಸರಿದೆ. ಮದುವೆಯಾದ ಮೇಲೆ ನನ್ನ ಗಂಡ ನನ್ನನ್ನು ಕರೆದಿರುವುದು ಏನೇ, ಲೇ, ಕೋಪ ಬಂದರೆ ಮಹಾರಾಯ್ತಿ. ಅಮ್ಮಾ ಎಂದು ಒಂದು ದಿನವೂ ಕರೆದವರಲ್ಲ.

ಮರುದಿನ ಲಾಂಡ್ರಿಗೆ ಅವರ ಮೇಸ್ತ್ರಿಯ ಫೋನ್ ಬಂತು. ಗಟ್ಟಿ ಮನುಷ್ಯ, ಆದರೆ ದನಿ ಅಳುಕುತ್ತಿತ್ತು.

"ತಂಗೀ, ಅವನಿಗೆ ಮೈ ಹುಷಾರಿದೆಯಾ? ಲಿಫ್ಟ್ ಮುಂದೆ ನಿಂತ್ಕೊಂಡು ಇದನ್ನ ಹೇಗೆ ತೆಗೀತಾರೆ ಅಂತ ನನ್ನನ್ನೇ ಕೇಳ್ದ. ಇಷ್ಟು ವರ್ಷ ನನಗೇ ಹೇಳಿಕೊಟ್ಟಿರೋನು. ತಮಾಷೆ ಅಂದ್ಕೊಂಡೆ. ಆಮೇಲೆ ನನ್ನ ತಲೆ ನೋಡಿ, ಎಷ್ಟು ದಿನ ಆಯ್ತಪ್ಪ ಕತ್ತರಿ ಬಿದ್ದು, ಕೂತ್ಕೋ ಅಂದ. ಮನೆಗೆ ಕಳಿಸಿದೀನಿ. ಡಾಕ್ಟರಿಗೆ ತೋರ್ಸು."

ಅಂದು ಅರ್ಧ ದಿನ ರಜೆ ಹಾಕಿ ಓಡಿ ಬಂದೆ. ಅವರು ಕಿಟಕಿಯ ಬಳಿ ಕೂತು ರಸ್ತೆಯಲ್ಲಿ ಹೋಗುವವರ ತಲೆಗಳನ್ನು ನೋಡುತ್ತಿದ್ದರು. ಮೇಜಿನ ಮೇಲೆ ಅರ್ಧ ತಿಂದ ಆಲೂಗಡ್ಡೆ, ಕೂಡಿಸುವ ಗುರುತು. ಅದರ ಅಂಚು ನನ್ನ ಬೆರಳು ಸುಡುವಷ್ಟು ಬಿಸಿಯಿತ್ತು. ನಡುವೆ ಬೆರಳಿಟ್ಟೆ. ಒಳಗೆ ಕೊರೆಯುವ ಮಂಜು. ಓವನ್ನಿನಿಂದ ಈಗಷ್ಟೇ ತೆಗೆದಿದ್ದು, ಹಬೆ ಏಳುತ್ತಿದೆ, ನಡುವೆ ಮಾತ್ರ ಹಲ್ಲು ಜುಮ್ಮೆನ್ನುವ ಚಳಿ. ನಾನು ಎಷ್ಟೋ ವರ್ಷ ಬಿಸಿ ಮಾಡಿದವಳು, ಇಂಥದ್ದನ್ನು ಕಂಡಿರಲಿಲ್ಲ.

ಫ್ರೀಜರಿನಲ್ಲಿದ್ದ ಆ ಗುರುತಿನವನ್ನೆಲ್ಲ ಎತ್ತಿ ಚೀಲಕ್ಕೆ ತುಂಬಿ, ಕೆಳಗೆ ಹೋಗಿ ಬೀದಿಯ ಕಸದ ಡಬ್ಬಿಗೆ ಸುರಿದು ಬಂದೆ. ಮಾವ, ಕ್ಷಮಿಸಿ, ನೀವು ಒಳ್ಳೆಯವರು, ಆದರೆ ನನಗೆ ನನ್ನ ಗಂಡ ಬೇಕು ಎಂದು ಆ ಡಬ್ಬಿಯ ಮುಂದೆ ನಿಂತು ಹೇಳಿದೆ. ಯಾರಾದರೂ ನೋಡಿದ್ದರೆ ನನ್ನನ್ನೇ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಅವರು ಮುಟ್ಟದೆ ಬಿಟ್ಟಿದ್ದ ಎರಡು ಸಾಲಿನವನ್ನು ಆ ವಾರ ನಾನೇ ಲಾಂಡ್ರಿಗೆ ಒಯ್ದು ಜೊತೆಯವರಿಗೆ ಹಂಚಿ ಮುಗಿಸಿದ್ದೆ, ಹಾಗಾಗಿ ಸಂಜೆ ಅವರಿಗೆ ನನ್ನ ಪಾಲಿನದನ್ನು ಕೊಟ್ಟರೆ ಖಾರ ತಡೆಯದೆ ಕೆಮ್ಮಿ ಕೆಮ್ಮಿ ತಟ್ಟೆ ದೂರ ಸರಿಸಿದರು. ಹಾಲು ಕುಡಿದು ಮಲಗಿದರು. ಶನಿವಾರ ಡಾಕ್ಟರು ಎಲ್ಲ ಸರಿಯಿದೆ, ಬಿ.ಪಿ. ಮಾತ್ರ ಜಾಸ್ತಿಯಿದೆ, ಉಪ್ಪು ಬಿಡಿ ಎಂದರು. ನನಗೆ ಅಲ್ಲೇ ಕೂಗಿಬಿಡಬೇಕು ಅನಿಸಿತು.

ಭಾನುವಾರ ಬಂತು. ನಾನು ಮೈಯೆಲ್ಲ ಕಣ್ಣಾಗಿ ಅಡುಗೆಮನೆಯಲ್ಲಿ ನಿಂತೆ. ಈ ಸಲ ಕೈಯನ್ನು ಅದರ ಪಾಡಿಗೆ ಬಿಡಲಿಲ್ಲ. ಒಂದೊಂದನ್ನೂ ಎತ್ತಿ, ಬಾಯಲ್ಲಿ ಹೇಳಿಕೊಂಡು ಚುಚ್ಚಿದೆ. ಇದು ಮಗಳದು, ಒಂದು ಸಾಲು. ಇದು ನನ್ನದು, ಮೂರು. ಇದು ಅವರದು, ಎರಡು. ಅವರದನ್ನು ಚುಚ್ಚುವಾಗ ಮಗಳನ್ನು ಕರೆದು ತೋರಿಸಿದೆ.

"ಎಷ್ಟು ಸಾಲಿದೆ ಹೇಳೇ ಪುಟ್ಟಿ?"

"ಎರಡು. ಯಾಕಮ್ಮ ನನ್ನ ಕೇಳ್ತಿದೀಯ?"

ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಗಾಜಿನಾಚೆ ಸಿಪ್ಪೆ ಕಂದಾಗುವುದನ್ನು ನೋಡುತ್ತ, ಅಲ್ಲಾಡದೆ ಕೂತೆ. ಯಾರೂ ಬರಲಿಲ್ಲ, ಯಾರೂ ಮುಟ್ಟಲಿಲ್ಲ. ಹೊರಗೆ ತೆಗೆದು, ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದನ್ನೇ ಮಗುಚಿದೆ. ಮಗಳ ಒಂದು ಸಾಲು ಹಾಗೇ ಇತ್ತು. ನನ್ನ ಮೂರೂ ಇದ್ದವು. ಎರಡು ಸಾಲಿನದು ಒಂದೂ ಇರಲಿಲ್ಲ. ಅವರದೆಲ್ಲದರ ಮೇಲೂ ಅಡ್ಡಕ್ಕೊಂದು, ಉದ್ದಕ್ಕೊಂದು. ತೂತಿನ ಅಂಚು ಸುಟ್ಟು ಕಪ್ಪಾಗಿತ್ತು, ಮೊದಲಿನಿಂದಲೂ ಹಾಗೇ ಚುಚ್ಚಿದ್ದ ಹಾಗೆ. ಒಂದನ್ನು ಬಿಡಿಸಿದೆ. ಇನ್ನೂ ನಾನು ಏನನ್ನೂ ತುಂಬಿರಲಿಲ್ಲ, ಆದರೂ ಒಳಗಿನಿಂದ ಬೆಳ್ಳುಳ್ಳಿಯ ವಾಸನೆ ಬಂತು.

ಮಗಳು ನೋಡಿದಳು. ಮೆಲ್ಲಗೆ ನನ್ನ ಸೀರೆ ಸೆರಗು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

ನನ್ನ ಗಂಡನ ಪಾಲು ಇನ್ನು ಈ ಮನೆಯ ಓವನ್ನಿನಿಂದ ಹೊರಗೆ ಬರುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ತಲೆ ಓಡಿದ ಒಂದೇ ದಾರಿ ಫ್ರೀಜರು. ಹಳೆಯದು ಏನಾದರೂ ಉಳಿದಿರಬೇಕು ಎಂದು ಎಲ್ಲವನ್ನೂ ನೆಲಕ್ಕೆ ಸುರಿದೆ. ಬಟಾಣಿ, ಬ್ರೆಡ್ಡು, ಐಸಿನ ತಟ್ಟೆ. ಹಿಂದಿನ ಗೋಡೆಗೆ ಮಂಜು ದಪ್ಪಗೆ ಕಟ್ಟಿದ್ದ ಮೂಲೆಯಲ್ಲಿ ಒಂದು ಪೊಟ್ಟಣ ಅಂಟಿಕೊಂಡಿತ್ತು. ಬಿಸಿನೀರು ಬಿಟ್ಟು, ಚಮಚದ ಹಿಡಿಯಿಂದ ಕೆತ್ತಿ ಬಿಡಿಸಿದೆ. ಫಾಯಿಲ್ ತೆಗೆದೆ. ಎರಡು ಸಾಲು. ಮಾವ ಇದ್ದಾಗ ಮಾಡಿದ್ದು. ಹಸಿಮೆಣಸಿನಕಾಯಿ ಎದ್ದು ಕಾಣುತ್ತಿತ್ತು. ನಾನು ಅದನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೇ ಕೂತು ಅತ್ತೆ.

ಇದ್ದದ್ದು ಅದೊಂದೇ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರೀಜರಿಗೆ ಇಡುವಂತಿಲ್ಲ. ಅಪ್ಪನ ಪಾಲು ತಿಂದು ಅಪ್ಪನಾದವರು ತಮ್ಮ ಪಾಲು ತಿಂದರೆ ತಾವಾಗಬೇಕು, ಇಷ್ಟೇ ನನ್ನ ಲೆಕ್ಕ. ಹುಚ್ಚು ಲೆಕ್ಕ ಎನ್ನಿ, ನನ್ನ ಬಳಿ ಬೇರೆ ಇರಲಿಲ್ಲ. ಸಂಜೆ ನಿಧಾನ ಉರಿಯಲ್ಲಿ ಬಿಸಿ ಮಾಡಿದೆ. ನಡುವೆ ಚೂರಿ ತೂರಿಸಿ, ಅದರ ತುದಿಯನ್ನು ತುಟಿಗೆ ಮುಟ್ಟಿಸಿ ನೋಡಿದೆ. ಒಳಗಿನವರೆಗೂ ಬಿಸಿಯಿತ್ತು. ಅದನ್ನು ಕಂಡು ಧೈರ್ಯ ಬಂತು.

ಮೂವರೂ ಮೇಜಿಗೆ ಕೂತೆವು. ಅವರು ಬಟ್ಟೆಯನ್ನು ಪಟ್ಟೆಂದು ಒದರಿ ತೊಡೆಯ ಮೇಲೆ ಹಾಸಿಕೊಂಡರು. ತಟ್ಟೆ ಮುಂದಿಟ್ಟೆ. ಮೆಣಸಿನಕಾಯಿಯ ಘಾಟಿಗೆ ಅವರ ಮೂಗು ಅರಳಿತು. ಕಣ್ಣಲ್ಲಿ ಏನೋ ಆಡಿತು, ನನ್ನ ಗಂಡನದೇ ಆದ ಹಸಿವು. ಚಮಚ ಎತ್ತಿಕೊಂಡರು. ಆಮೇಲೆ ಆಲೂಗಡ್ಡೆಯನ್ನು ಪಕ್ಕಕ್ಕೆ ಹೊರಳಿಸಿ, ಹೆಬ್ಬೆರಳಿನಿಂದ ಆ ಎರಡು ಸಾಲನ್ನು ಸವರಿ, ಚಮಚ ಕೆಳಗಿಟ್ಟರು.

"ಇದು ನಿನ್ನ ಗಂಡಂದಲ್ವೇನಮ್ಮ? ಮರೆತು ನನಗೆ ಬಡಿಸಿದೀಯ."

"ಇಲ್ಲ ರೀ, ನಿಮ್ಮದೇ. ನಿಮ್ಮದೇ ಇದು. ಒಂದು ತುತ್ತು ತಿನ್ನಿ ಸಾಕು."

"ಅಪ್ಪನ ತಟ್ಟೆಗೆ ಮಗ ಕೈ ಹಾಕ್ಬಹುದು ಕಣಮ್ಮ, ಅದು ಇರೋದೇ. ಮಗನ ಪಾಲು ತಿನ್ನೋ ಅಪ್ಪ ಎಲ್ಲಾದ್ರೂ ಇದಾನಾ?" ಎಂದು, ಆ ತಟ್ಟೆಯನ್ನು ಖಾಲಿ ಕುರ್ಚಿಯ ಮುಂದೆ ಸರಿಸಿ, ಬಿಸಿ ಆರದಿರಲಿ ಎಂದು ಇನ್ನೊಂದು ತಟ್ಟೆ ಮುಚ್ಚಿದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಮಗಳಿದ್ದಾಳೆ ಎಂಬುದನ್ನೂ ನೋಡದೆ ಎದ್ದು, ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. ನನ್ನ ಗಂಡನ ಭುಜ, ಎಡಗಡೆ ತಂತಿ ತಾಗಿದ ಹಳೆಯ ಗಾಯ ಅಂಗಿಯ ಮೇಲಿಂದಲೇ ಕೈಗೆ ಸಿಗುತ್ತದೆ.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ನಿಮಗೆ ಏನು ಕಡಿಮೆ ಮಾಡಿದ್ದೆ? ನನ್ನ ಗಂಡನ್ನ ನನಗೆ ಬಿಟ್ಟುಕೊಡಿ. ಇವಳ ಮುಖ ನೋಡಿಯಾದ್ರೂ ಬಿಟ್ಟುಕೊಡಿ."

ಅವರು ನನ್ನ ಕೈಯನ್ನು ತಮ್ಮ ಭುಜದಿಂದ ಮೆಲ್ಲಗೆ ಬಿಡಿಸಿ, ಎರಡೂ ಅಂಗೈಯೊಳಗೆ ಹಿಡಿದುಕೊಂಡರು. ಮುಖದಲ್ಲಿ ಕೆಡುಕಿನ ಒಂದು ಗೆರೆಯೂ ಇರಲಿಲ್ಲ. ಮಾವ ಬದುಕಿದ್ದಾಗ ನನ್ನನ್ನು ನೋಡುತ್ತಿದ್ದ ಅದೇ ಅಕ್ಕರೆ, ಅದೇ ಸಂಕೋಚ.

"ನಾನೆಲ್ಲಮ್ಮ ಹಿಡ್ಕೊಂಡಿದೀನಿ ಅವನನ್ನ? ಅವನಾಗೇ ಬಂದ. ಬಂದು ನನ್ನ ಪಕ್ಕ ಕೂತ. ಸಣ್ಣ ಹುಡುಗ ಆಗಿದ್ದಾಗ ಸಲೂನಲ್ಲಿ ಬೆಂಚಿನ ಮೇಲೆ ಕೂರ್ತಿದ್ನಲ್ಲ, ಹಾಗೆ. ಮನೆಗೆ ಹೋಗೋ, ಹೆಂಡ್ತಿ ಮಗು ಕಾಯ್ತಾರೆ ಅಂತ ದಿನಾ ಬೈತೀನಿ. ನಾನು ಹೇಳಿದ್ದನ್ನ ಅವನು ಯಾವತ್ತು ಕೇಳಿದಾನೆ ಹೇಳು?"

"ನಾನು ಕರೀತಿದೀನಿ ಅಂತ ಹೇಳಿ" ಎಂದೆ.

"ಪುಟ್ಟಿನೂ ಕರೀತಿದಾಳೆ ಅನ್ನಿ ತಾತ" ಎಂದಳು ಮಗಳು.

ಅವರು ಕಣ್ಣು ಮುಚ್ಚಿ, ಪಕ್ಕದ ಕೋಣೆಯಲ್ಲಿ ಇರುವವರ ಜೊತೆ ಮಾತಾಡುವ ಹಾಗೆ ತಲೆ ಓರೆ ಮಾಡಿದರು. ತುಟಿ ಅಲುಗಿತು. ನಾವಿಬ್ಬರೂ ಆ ತುಟಿಗಳನ್ನೇ ನೋಡುತ್ತ ನಿಂತೆವು. ಬಹಳ ಹೊತ್ತಾದ ಮೇಲೆ ಕಣ್ಣು ಬಿಟ್ಟರು. ನನ್ನ ಮುಖ ನೋಡಲು ಅವರಿಂದಾಗಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಇರ್ತೀನಿ ಅಂತಾನೆ ಕಣಮ್ಮ" ಎಂದರು. "ನೀವಿಬ್ರೂ ಊಟ ಮಾಡ್ಬೇಕಂತೆ, ತನಗೆ ಕಾಯ್ಬಾರ್ದಂತೆ."